ಪದ್ಮಾಳ ಅವ್ವ ಬಂದಿದ್ದ ದಿನ

ಪದ್ಮಾಳ ಅವ್ವ ಅವಳನ್ನು ಹುಡುಕಿಕೊಂಡು ಬಂದಿದ್ದಳು. ನಾನು ಸುಳ್ಳು ಹೇಳಿ ಆ ತಾಯಿಯನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ. ಮೂರು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ಪದ್ಮಾಳಿಗಂತೂ ಇಲ್ಲವೇ ಇಲ್ಲ.

ನನ್ನ ಮನೆಯಲ್ಲೂ ಪದ್ಮಾಳ ಮನೆಯಲ್ಲೂ ನಮ್ಮನ್ನು ಗಂಡುಮಕ್ಕಳೆಂದು ಬೆಳೆಸಿದ್ದರು. ಹೆಣ್ಣಾಗಿ ಬದುಕಲು ಮನೆಯಿಂದ ಹೊರಬಿದ್ದವರು ನಾವು. ಉಗಾರ ಖುರ್ದದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಕಬ್ಬಿನ ಗಾಡಿಯವರಿಗೆ ರೊಟ್ಟಿ-ಪಲ್ಯ ಮಾಡಿ ಮಾರುತ್ತೇವೆ. ನನ್ನ ಊರು ಏಕಸಂಬಿ. ಒಮ್ಮೆ ಅಲ್ಲಿಯ ಸಂತೆಯಲ್ಲಿ ನನ್ನ ಅವ್ವ ಎದುರಾದಳು. ನಾನು ಕರೆಯುವ ಮೊದಲೇ ಮುಖಕ್ಕೆ ಸೆರಗು ಎಳೆದುಕೊಂಡು ಪಕ್ಕದ ಓಣಿಗೆ ತಿರುಗಿದಳು.

ಪದ್ಮಾಳದು ದಿಗ್ಗೇವಾಡಿ. ಅಣ್ಣಂದಿರು ಹೊಡೆದು ಹೊರಗೆ ಹಾಕಿದ್ದರು. ಅವ್ವನಾದರೂ ಒಂದು ದಿನ ಬರುತ್ತಾಳೆ ಎಂದು ಪದ್ಮಾ ಕಾಯುತ್ತಿದ್ದಳು. ಆ ಅವ್ವ ಬಂದಾಗ ಪದ್ಮಾ ಹಿಟ್ಟಿನ ಗಿರಣಿಗೆ ಹೋಗಿದ್ದಳು.

“ನಮ್ಮ ಪದ್ಮಾ ಇಲ್ಲೇ ಇರ್ತಾಳಂತ, ಹೌದ್ರಿ? ನನ್ನ ಮಗಳ್ರಿ ಆಕಿ.”

ಮಗಳು. ತಾನಿಟ್ಟ ಗಂಡು ಹೆಸರನ್ನು ಬಿಟ್ಟು, ಮಗಳು ತಾನೇ ಇಟ್ಟುಕೊಂಡ ಹೆಸರು ಹಿಡಿದು ಕೇಳುತ್ತಿದ್ದಳು. ನನ್ನೊಳಗೆ ಉರಿ ಎದ್ದಿತು — ಪದ್ಮಾಳಿಗೇಕೆ ಇಂಥ ಅವ್ವ, ನನಗೇಕಿಲ್ಲ...

“ಆಕಿ ಪುಣೆಕ್ಕ ಹೋಗ್ಯಾಳ್ರಿ. ಮನಿಯವರ ಹೆಸರ ಎತ್ತಬ್ಯಾಡ ಅಂದಾಳ,” ಎಂದೆ.

ಆ ತಾಯಿ ಬಂದ ದಾರಿಯಲ್ಲೇ ತಿರುಗಿ ಹೋದಳು. ಮತ್ತೆ ಬರಲಿಲ್ಲ.

ಮರುವರ್ಷ ಪದ್ಮಾ ಕುಗ್ಗಿಹೋದಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಹಡೆದವಳೇ ಮರೆತ ಮೇಲೆ ನಾನು ಇದ್ದರೇನು, ಇಲ್ಲದಿದ್ದರೇನು ಎಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಹೆದರಿ ಚಿಕ್ಕೋಡಿಗೆ, ಮನೋರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮನೆಯವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದರು. ಯಾರೂ ಇಲ್ಲ, ನಾನೊಬ್ಬಳೇ ಎಂದೆ. ಹಾಗೆನ್ನುವಾಗ ಒಳಗೊಳಗೇ ಒಂದು ಸಮಾಧಾನ — ಇನ್ನು ಇವಳೂ ನನ್ನಂತೆಯೇ, ಇವಳಿಗೆ ನಾನೇ ಗತಿ... ಅಷ್ಟು ಹೊಲಸು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ.

ಹೊತ್ತುಹೊತ್ತಿಗೆ ಗುಳಿಗೆ ಕೊಟ್ಟೆ. ತಲೆಗೆ ಎಣ್ಣೆ ಹಚ್ಚಿದೆ, ತುತ್ತು ಮಾಡಿ ಉಣಿಸಿದೆ. ಓಣಿಯವರು ನನ್ನನ್ನು ಹೊಗಳಿದರು. ಮೆಲ್ಲಗೆ ಅವಳು ಚೇತರಿಸಿಕೊಂಡಳು, ಮತ್ತೆ ಒಲೆಯ ಮುಂದೆ ಕುಳಿತಳು. ಕಳೆದ ವಾರ ರೊಟ್ಟಿ ಬಡಿಯುತ್ತಾ, “ಈಗ ನೀನ ನಮ್ಮವ್ವ ನೋಡು,” ಎಂದಳು. ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅದನ್ನು ತೆಗೆದಿಟ್ಟು ಒಂದೇ ಮಾತು ಕೇಳಿದಳು:

“ಯಾವ ಸೀರಿ ಉಟ್ಗೊಂಡ ಬಂದಿದ್ಲು?”

“ಹಸರ ಇಳಕಲ್ ಸೀರಿ,” ಎಂದೆ.

ಮರುದಿನ ಬೆಳಗಿನ ಬಸ್ಸಿಗೆ ದಿಗ್ಗೇವಾಡಿಗೆ ಹೋದಳು. ಅಣ್ಣಂದಿರು ಒಳಗೆ ಬಿಟ್ಟರೋ, ಅವ್ವ ಸಿಕ್ಕಳೋ... ಅವಳು ಫೋನು ಮಾಡಿಲ್ಲ. ನಾನೂ ಮಾಡಿಲ್ಲ, ಕ್ಷಮೆ ಕೇಳುವ ಮುಖ ನನಗಿಲ್ಲ.

ಪದ್ಮಕ್ಕ ಎಲ್ಲಿ ಎಂದು ಇವತ್ತು ಗಾಡಿಯವರು ಕೇಳಿದರು. ಅವರವ್ವನ ಕಡೆ ಹೋಗ್ಯಾಳ ಎಂದೆ. ಈ ಸಲ ನಿಜವನ್ನೇ ಹೇಳಿದೆ. ಹೇಳುವಾಗ ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು — ಅದನ್ನೂ ಮುಚ್ಚಿಡುವುದಿಲ್ಲ.