ಅವ್ವ ಕೂಗಿದಾಗ ಸುಮ್ಮನಿದ್ದದ್ದು

ಮಗಳು ಕಾಲೇಜಿಗೆಂದು ಐದು ನಿಮಿಷದ ಥ್ರಿಲ್ಲರ್ ಸಿನಿಮಾ ಮಾಡಬೇಕಿತ್ತು. ಐಗಳಿಯ ನಮ್ಮ ತೋಟದಲ್ಲಿರುವ ಒಣದ್ರಾಕ್ಷಿ ಶೆಡ್ಡನ್ನೇ ಮೊದಲ ದೃಶ್ಯಕ್ಕೆ ಆರಿಸಿಕೊಂಡಳು. ಕ್ಯಾಮೆರಾ ಅಂದರೆ ಅವಳ ಮೊಬೈಲು. ನಾಯಕಿ ಅಂದರೆ ಎಪ್ಪತ್ತು ದಾಟಿದ ನನ್ನ ಅವ್ವ. ಮುದುಕಿಯೊಬ್ಬಳು ಚಹಾದ ಕಿಟ್ಲಿ ಹಿಡಿದು ಬರುತ್ತಾಳೆ, ಬಾಗಿಲಿಗೆ ಕಟ್ಟಿದ ಹಸಿರು ಪರದೆ ಸರಿಸಿ ಸದ್ದಿಲ್ಲದೆ ಒಳಗೆ ಹೋಗುತ್ತಾಳೆ. ಅಷ್ಟೇ. ನನ್ನ ಕೆಲಸ, ದ್ರಾಕ್ಷಿ ಹರವಿದ ಅಟ್ಟಗಳ ಹಿಂದೆ ಕಾಣದಂತೆ ಕೂತು ಟಾರ್ಚು ಹಿಡಿಯುವುದು. ಮೊದಲ ನಿಮಿಷದಲ್ಲೇ ನೋಡುವವರ ಎದೆ ಝಲ್ ಎನ್ನದಿದ್ದರೆ ಸಿನಿಮಾ ಸತ್ತಂತೆ ಎಂದು ಅವಳ ಸರ್ ಹೇಳಿದ್ದರಂತೆ. ಆ ಚಿಂತೆಯಲ್ಲಿ ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಆದರೆ ಸದ್ದಿಲ್ಲದೆ ಒಳಗೆ ಹೋಗುವುದು ಅವ್ವನ ಜಾಯಮಾನದಲ್ಲೇ ಇಲ್ಲ. ಹೇಳದೆ ಕೇಳದೆ ಬರುವುದು ಬೆಕ್ಕು, ಇಲ್ಲವೇ ಕಳ್ಳ ಎಂಬುದು ಅವಳ ಸಿದ್ಧಾಂತ. ಪರದೆಗೆ ಕೈ ಹಚ್ಚಿದ್ದೇ, "ಲೇ ತಮ್ಮಾ, ಒಳಗ ಅದಿಯೇನೊ?" ಅಂದಳು.

"ಅದೀನಿ, ಬಾ ಬೇ," ಅಂದೆ ನಾನು. ಬಾಯಿ ತಾನಾಗಿಯೇ ಅಂದುಬಿಟ್ಟಿತು.

"ಪಪ್ಪಾ!" ಮಗಳು ಹಣೆ ಚಚ್ಚಿಕೊಂಡಳು. "ಆಯಿ, ಮಾತಾಡಬ್ಯಾಡ ಅಂತ ಹೇಳಿದ್ನಿಲ್ಲ?"

"ಮಾತೆಲ್ಲಿ ಆಡೀನಿ? ಬರೇ ಕೇಳೀನಿ," ಅಂದಳು ಅವ್ವ.

ನಾಲ್ಕು ಸಲ ತೆಗೆದರೂ ಅದೇ ರಾಗ, ಅದೇ ಹಾಡು. ಅವ್ವ ಕೇಳುವುದು, ನಾನು ಓಗೊಡುವುದು. ತಾಯಿಯಂತೆ ಮಗಳು ಅನ್ನುತ್ತಾರೆ, ನಮ್ಮಲ್ಲಿ ಮಗ.

ಮಗಳು ಮೊಬೈಲು ಕೆಳಗಿಳಿಸಿದಳು. ಆಮೇಲೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಆಯಿ ಕರೀಲಿ ಬಿಡು. ಈ ಸಲ ನೀ ಓ ಅನಬ್ಯಾಡ. ದಿನಾ ಬರೂ ಉತ್ತರ ಬರಲಿಲ್ಲಂದ್ರ ಸಾಕು, ದೆವ್ವ ಯಾಕ ಬೇಕು?" ಅಂದಳು. ಅವ್ವನಿಗೆ ಇದನ್ನು ಹೇಳಲಿಲ್ಲ.

ಐದನೇ ಸಲ. "ಲೇ ತಮ್ಮಾ, ಒಳಗ ಅದಿಯೇನೊ?"

ತುಟಿ ಕಚ್ಚಿ ಕೂತೆ. ಗಾಳಿಗೆ ಪರದೆ ಪಟಪಟ ಬಡಿಯಿತು.

"ತಮ್ಮಾ?" ದನಿ ಸಣ್ಣದಾಗಿತ್ತು. ನನ್ನ ಐವತ್ತು ವರ್ಷದಲ್ಲಿ ಅವ್ವನ ಆ ದನಿ ಕೇಳಿರಲಿಲ್ಲ. ಮತ್ತೆ ಕರೆಯಲಿಲ್ಲ; ಕಿಟ್ಲಿ ನೆಲಕ್ಕೆ ಬಿದ್ದ ಸದ್ದಾಯಿತು, ಅವ್ವ ಓಡಿಬಂದಳು. ನಾನು ನೆಟ್ಟಗೆ ಕೂತಿದ್ದನ್ನು ಕಂಡವಳೇ ಬೆನ್ನಿಗೊಂದು ಗುದ್ದಿದಳು. "ಓ ಅನ್ನಾಕ ಬಾಯಿ ಬಿದ್ದಹೋಗಿತ್ತೇನೊ, ಭಾಡ್ಯಾ!" ನನಗೆ ನಾಚಿಕೆಯಾಯಿತು, ಅವಳ ಮೇಲೆ ಅಕ್ಕರೆಯೂ ಉಕ್ಕಿತು. ಮಗಳು ಮಾತ್ರ ಮೊಬೈಲನ್ನು ಎದೆಗವಚಿಕೊಂಡು ಕುಣಿಯುತ್ತಿದ್ದಳು.

ಕಾಲೇಜಿನಲ್ಲಿ ಎಲ್ಲರೂ ಬೆದರಿದರಂತೆ. ಮುಂದಿನ ಭಾನುವಾರ ಪಡಸಾಲೆಯಲ್ಲಿ ಕೂತು ಅವ್ವನಿಗೂ ತೋರಿಸಿದೆವು. ಮೊಬೈಲಿನೊಳಗಿನ ಅವ್ವ ಕರೆದಳು. ಉತ್ತರವಿಲ್ಲ. ಪರದೆ ಬಡಿಯುತ್ತಿತ್ತು. ನನ್ನ ಪಕ್ಕದಲ್ಲಿದ್ದ ಅವ್ವ, ಮೊಬೈಲಿನಿಂದ ಕಣ್ಣು ತೆಗೆಯದೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಈಗರ ಓ ಅನ್ನೊ," ಅಂದಳು.

"ಅದೀನಿ, ಬಾ ಬೇ," ಅಂದೆ.