ಬಾವುಟದ ತಾಯಿ ಪೋಲ್ಡಿ ದೊರೆಸಾನಿ

ಪೋಲ್ಡಿ ದೊರೆಸಾನಿ ತೀರಿಹೋದಾಗ ಪೇಪರಿನವರು ಅರ್ಧ ಪುಟ ಬರೆದರು. ರಾಜಕುಮಾರಿ ಲಿಯೊಪೊಲ್ಡೀನ್, ಕಲಾಪೋಷಕಿ, ಸಂಗೀತಗಾರರ ಆಶ್ರಯದಾತೆ ಅಂತೆಲ್ಲ. ಮುತ್ತಿನ ಸರ ಹಾಕಿಕೊಂಡು ಹರೆಯದಲ್ಲಿ ತೆಗೆಸಿದ ಫೋಟೋ ಎಲ್ಲಿಂದಲೋ ಹುಡುಕಿ ಹಾಕಿದ್ದರು. ಓದಿ ನನಗೆ ಮೈ ಉರಿಯಿತು. ನಾನು ಕಂಡ ದೊರೆಸಾನಿ ರಬ್ಬರ್ ಬೂಟು ಮೆಟ್ಟಿಕೊಂಡು, ಗಂಡನ ಹಳೇ ಕೋಟು ತೊಟ್ಟು, ಮರದ ಮಿಲ್ಲಿನ ಅಂಗಳದಲ್ಲಿ ಬಾತುಕೋಳಿಗಳನ್ನು ಬೈದು ಗೂಡಿಗೆ ಅಟ್ಟುತ್ತಿದ್ದ ಹೆಂಗಸು. ನಾನು ಮಾಂಸದಂಗಡಿ ವೆಂಡೆಲನ ಹೆಂಡತಿ ಆಫ್ರಾ. ಓಬರ್‌ಲಿಂಡ್ ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತೇನೆ. ಊದುವಂತಾಗಿದ್ದೇ ಅವರಿಂದ.

ಅವರಿಗೆ ಜೀವನದಲ್ಲಿ ದೊಡ್ಡ ಆಸೆ ಅಂತ ಇದ್ದದ್ದು ಒಂದೇ. ಗಂಡನ ಪಕ್ಕದಲ್ಲಿ, ಊರಿನ ಸ್ಮಶಾನದಲ್ಲಿ ಮಣ್ಣಾಗಬೇಕು, ಆ ಗುಂಡಿಯ ಮೇಲೆ ನಮ್ಮ ಬ್ಯಾಂಡಿನ ಬಾವುಟ ಕೊನೆಯ ಮರ್ಯಾದೆಗೆ ಮೂರು ಸಲ ಬಗ್ಗಬೇಕು. ಅರಮನೆಯಲ್ಲಿ ಹುಟ್ಟಿದವರಿಗೆ ಇದೆಂಥ ಆಸೆ ಅನ್ನಿಸಬಹುದು. ಅದು ಕೊನೆಗೆ ಕೈತಪ್ಪಿಹೋಗುವುದರಲ್ಲಿತ್ತು, ಅದಕ್ಕೆ ಕಾರಣ ಮತ್ತಾರೂ ಅಲ್ಲ, ನನ್ನ ಗಂಡನೇ.

ಯುದ್ಧದ ಕೊನೆಯ ವಾರ ಪಾದ್ರಿಯ ಮನೆಗೆ ಬೆಂಕಿ ಬಿದ್ದು, ಅಲ್ಲಿಟ್ಟಿದ್ದ ಬ್ಯಾಂಡಿನ ಬಾವುಟ ಸುಟ್ಟುಹೋಗಿತ್ತು. ಬಾವುಟವಿಲ್ಲದ ಬ್ಯಾಂಡು ಮದುವೆಗೂ ಹೋಗುವಂತಿಲ್ಲ, ಸಾವಿಗೂ ಹೋಗುವಂತಿಲ್ಲ. ಹೊಸ ಬಾವುಟಕ್ಕೆ ಒಬ್ಬ ತಾಯಿ ಬೇಕು, ಅಂದರೆ ಬಾವುಟ ಮಾಡಿಸಿಕೊಟ್ಟು ಅದಕ್ಕೆ ಹಿರಿಯಳಾಗಿ ನಿಲ್ಲುವ ಹೆಂಗಸು. ಅವಳನ್ನು ಕೇಳುವುದು ಅಂದರೆ ಸುಮ್ಮನೆ ಹೋಗಿ ಕೇಳುವುದಲ್ಲ. ಸೀಳಿದ ಸೌದೆಯನ್ನು ಚೂಪು ಅಂಚು ಮೇಲೆ ಮಾಡಿ ನೆಲಕ್ಕಿಟ್ಟು, ಅದರ ಮೇಲೆ ಮಂಡಿಯೂರಿ ಕೇಳಬೇಕು. ಅವಳಿಗೆ ಮನಸ್ಸು ಕರಗುವತನಕ ಏಳುವಂತಿಲ್ಲ. ಗೋಳುಹೊಯ್ದುಕೊಳ್ಳುವ ಹಕ್ಕು ಅವಳದು.

ಬ್ಯಾಂಡಿನ ಹುಡುಗರು ಸೌದೆ ಹೊತ್ತು ನೇರ ಅರಮನೆಗೇ ಹೋದರು. ಪ್ರಭುಗಳ ಮಗಳು ಪೋಲ್ಡಿಗೆ ಆಗ ಇಪ್ಪತ್ತರ ಹತ್ತಿರ. ಅವರು ಇವರನ್ನೆಲ್ಲ ಮಂಡಿಯ ಮೇಲೆ ನಿಲ್ಲಿಸಿ, ಒಬ್ಬೊಬ್ಬರಿಂದಲೂ ಒಂದೊಂದು ಹಾಡು ಹೇಳಿಸಿ, ಸೇಬು ತಿನ್ನುತ್ತ ಕೂತರಂತೆ. ಅವರ ಚಿಕ್ಕ ತಮ್ಮ ರೂಪರ್ಟ್ ಬಾಗಿಲಲ್ಲಿ ನಿಂತು ನೋಡುತ್ತಿದ್ದನಂತೆ. ಎಲ್ಲರ ಮುಖ ಕಿವಿಚಿತ್ತು. ಮರದ ಮಿಲ್ಲಿನ ಮಗ ಕೊರ್ಬಿನಿಯನ್ ಮಾತ್ರ ನಗುತ್ತಿದ್ದ.

"ನಿಂಗೆ ನೋಯಲ್ವೇನೋ?" ಅಂತ ದೊರೆಸಾನಿ ಕೇಳಿದರು.

"ನೋಯತ್ತೆ ದೊರೆಸಾನಿ. ಆದ್ರೆ ಸೌದೆ ನಮ್ಮ ಮಿಲ್ಲಿಂದೇ. ನುಣ್ಣಗಿರೋದನ್ನ ನಾನು ಆರಿಸ್ಕೊಂಡೆ."

ಅಲ್ಲಿಗೆ ಅವರ ಮನಸ್ಸು ಕರಗಿತು, ಕೊಂಚ ಜಾಸ್ತಿಯೇ ಕರಗಿತು.

ಒಪ್ಪಿದ್ದೇನೋ ಆಯಿತು. ಆ ಕಾಲದಲ್ಲಿ ರೇಷ್ಮೆ ಎಲ್ಲಿಂದ ಬರಬೇಕು? ಜನ ಆಲೂಗಡ್ಡೆಗೇ ಪರದಾಡುತ್ತಿದ್ದರು. ಅರಮನೆಯ ಪೆಟ್ಟಿಗೆಯಲ್ಲಿ ತೀರಿಹೋದ ತಾಯಿಯ ದರ್ಬಾರಿನ ನಿಲುವಂಗಿ ಇತ್ತು, ಹಿಂದೆ ನೆಲ ಗುಡಿಸುವಷ್ಟು ಉದ್ದದ ಸೆರಗಿನದು, ಬಿಳಿ ರೇಷ್ಮೆಗೆ ಚಿನ್ನದೆಳೆಯ ಕೆಲಸ. ಮಗಳ ಮದುವೆಗೆಂದು ಎತ್ತಿಟ್ಟಿದ್ದರು. ಪೋಲ್ಡಿ ಕತ್ತರಿ ತೆಗೆದುಕೊಂಡು ಆ ಸೆರಗನ್ನು ಕತ್ತರಿಸಿ, ತಾವೇ ಕೂತು ಬಾವುಟ ಹೊಲಿದರು. ಅದನ್ನೂ ನೋಡುತ್ತಿದ್ದ ರೂಪರ್ಟ್ ಓಡಿಹೋಗಿ ಅಪ್ಪನಿಗೆ ಹೇಳಿದ.

ಪ್ರಭುಗಳು ಆ ಸೆರಗಿನ ಸಿಟ್ಟನ್ನೇ ಇನ್ನೂ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಮಗಳು ಮಿಲ್ಲಿನವನನ್ನು ಮದುವೆಯಾಗುತ್ತೇನೆ ಅಂದಳು. ಸರಿಸಮಾನರಲ್ಲದವರನ್ನು ಮದುವೆಯಾದ ಮಗಳಿಗೆ ಮನೆತನದಲ್ಲಿ ಹೆಸರಿಲ್ಲ, ಅರಮನೆಯ ಪ್ರಾರ್ಥನಾಮಂದಿರದ ಕೆಳಗೆ ಹಿರೀಕರು ಮಲಗಿರುವ ನೆಲಮಾಳಿಗೆಯಲ್ಲಿ ಜಾಗವೂ ಇಲ್ಲ ಅನ್ನುವುದು ಅವರ ಕಟ್ಟಳೆ.

"ಸತ್ತಾಗ ಎಲ್ಲಿ ಮಲಗ್ತೀಯ?" ಅಂತ ಅಪ್ಪ ಕೇಳಿದರಂತೆ.

"ಅದನ್ನ ಸತ್ತಾಗ ನೋಡ್ಕೋತೀನಪ್ಪ. ಈಗ ಬದುಕೋದು ಎಲ್ಲಿ ಅನ್ನೋದು ಗೊತ್ತಾಗಿದೆ" ಅಂದು ಮಿಲ್ಲಿಗೆ ಬಂದುಬಿಟ್ಟರು.

ಅಪ್ಪ ಕಾಲವಾದ ಮೇಲೆ ರೂಪರ್ಟ್ ಪ್ರಭುಗಳಾದರು. ಕೆಟ್ಟವರಲ್ಲ, ಪುಕ್ಕಲರು. ಅಕ್ಕನನ್ನು ಮನೆಗೆ ಕರೆಯುವ ಧೈರ್ಯ ಬರಲಿಲ್ಲ, ಬದಲಿಗೆ ಪಾಳುಬಿದ್ದ ಕುದುರೆಲಾಯ ಬಿಟ್ಟುಕೊಟ್ಟರು. ದೊರೆಸಾನಿ ಅದನ್ನೇ ಗುಡಿಸಿ, ಸುಣ್ಣ ಬಳಿದು, ಮಿಲ್ಲಿನ ಹಲಗೆ ಹಾಸಿ ಸಂಗೀತದ ಮನೆ ಮಾಡಿದರು. ಪೇಪರಿನವರು ಕಲಾಪೋಷಣೆ ಅಂದದ್ದು ಇದಕ್ಕೇ. ಮ್ಯೂನಿಕ್ಕಿನಿಂದ, ವಿಯೆನ್ನಾದಿಂದ ಪಿಟೀಲಿನವರು ಬರುತ್ತಿದ್ದರು. ಹೋಟೆಲ್ಲಿಗೆ ಕಳಿಸುವ ಮಾತೇ ಇಲ್ಲ. ನಮ್ಮ ನಮ್ಮ ಮನೆಗಳಲ್ಲಿ ಹಂಚಿ ಮಲಗಿಸುತ್ತಿದ್ದರು. ಒಬ್ಬ ದೊಡ್ಡ ಪಿಟೀಲು ವಿದ್ವಾಂಸ ನಮ್ಮಮ್ಮ ಮಾಡಿದ ಆಲೂಗಡ್ಡೆ ಕಡುಬು ತಿಂದು ಬೆಲ್ಟು ಸಡಿಲ ಮಾಡಿಕೊಂಡೇ ನುಡಿಸಿದ. ಊಟ ಕೊಟ್ಟ ಮನೆಯವರಿಗೆ ಮುಂದಿನ ಸಾಲಿನ ಬೆಂಚು. ದನ ಕರೆದು ಕೈ ತೊಳೆದು ಬಂದವರು ಪಿಟೀಲು ಕೇಳುವುದು ನಮ್ಮೂರಿನಲ್ಲಿ ಹಾಗೆ ಶುರುವಾಯಿತು.

ನಾನು ಚಿಕ್ಕವಳಿದ್ದಾಗ ತುತ್ತೂರಿ ಊದಬೇಕೆಂದು ಹಟ ಹಿಡಿದೆ. ಆಗ ಬ್ಯಾಂಡಿನಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಬ್ಯಾಂಡ್‌ಮಾಸ್ಟರ್ ಕೊರ್ಬಿನಿಯನ್, ದೊರೆಸಾನಿಯ ಗಂಡನೇ, ಆಗಲ್ಲ ಅಂದುಬಿಟ್ಟರು.

"ಹೆಣ್ಮಕ್ಕಳಿಗೆ ಉಸಿರು ಸಾಲಲ್ಲ ಕಣೇ ಪೋಲ್ಡಿ."

"ಹೌದಾ? ನಿನ್ನ ಕಟ್ಕೊಂಡಾಗಿಂದ ಬೈತಾನೇ ಇದೀನಿ, ಯಾವತ್ತಾದ್ರೂ ಉಸಿರು ಸಾಲದೆ ನಿಲ್ಸಿದೀನಾ?"

ಆಮೇಲೆ ಒಲೆ ಪಕ್ಕದಿಂದ ಒಂದು ಸೌದೆ ಎತ್ತಿ ನೆಲಕ್ಕಿಟ್ಟು, ಒಪ್ಪೋತನಕ ಸಾರಿಲ್ಲ ಅಂದರು. ಕೊರ್ಬಿನಿಯನ್ ಮಂಡಿಯೂರುವುದನ್ನು ನಾನು ಕಿಟಕಿಯಿಂದ ಕಣ್ಣಾರೆ ನೋಡಿದೆ. ಮುಂದಿನ ವಾರ ನನಗೆ ತುತ್ತೂರಿ ಬಂತು.

ಕೊರ್ಬಿನಿಯನ್ ತೀರಿಕೊಂಡಾಗ ಬಾವುಟ ಅವರ ಮೇಲೆ ಬಗ್ಗಿತು. ದೊರೆಸಾನಿ ಅಳಲಿಲ್ಲ. ಪಕ್ಕದಲ್ಲಿ ಬಿಟ್ಟಿದ್ದ ಖಾಲಿ ಜಾಗವನ್ನು ಬೂಟುಗಾಲಿಂದ ಒಮ್ಮೆ ತಟ್ಟಿ, "ಇದು ನಂದು" ಅಂದರು. ಬಾವುಟ ಬಗ್ಗಿಸುವ ಮರ್ಯಾದೆ ಬ್ಯಾಂಡಿನವರಿಗೆ ಮತ್ತು ಬಾವುಟದ ತಾಯಿಗೆ ಮಾತ್ರ, ಊರಿನಲ್ಲಿ ಬೇರೆ ಯಾರಿಗೂ ಇಲ್ಲ.

ಈಗ ನನ್ನ ಗಂಡನ ವಿಷಯಕ್ಕೆ ಬರುತ್ತೇನೆ. ವೆಂಡೆಲ್ ಬ್ಯಾಂಡಿನ ಅಧ್ಯಕ್ಷನಾದ. ಅಷ್ಟುಹೊತ್ತಿಗೆ ಬಾವುಟ ಜೀರ್ಣವಾಗಿ, ಗಾಳಿಗೆ ಹಿಡಿದರೆ ಎಳೆ ಬಿಡುತ್ತಿತ್ತು. ಅರಮನೆಯಿಂದ ಹೇಳಿಕಳಿಸಿದರು, ರೂಪರ್ಟ್ ಪ್ರಭುಗಳ ಸೊಸೆ ಹೊಸ ಬಾವುಟದ ತಾಯಿಯಾಗುತ್ತಾರೆ, ಬಾವುಟವನ್ನೂ ಅವರೇ ಮಾಡಿಸುತ್ತಾರೆ ಅಂತ. ಹೊಸ ತಾಯಿ ಬಂದರೆ ಹಳೆಯ ತಾಯಿಯ ಹಕ್ಕು ಮುಗಿಯಿತು, ಹಳೆಯ ಬಾವುಟ ಗಾಜಿನ ಪೆಟ್ಟಿಗೆ ಸೇರುತ್ತದೆ. ವೆಂಡೆಲನಿಗೆ ಇದು ಹೊಳೆಯಲೇ ಇಲ್ಲ, ಹೂಂ ಅಂದುಬಿಟ್ಟ. ಒಂದು ಕೇಕು, ಒಂದು ಹೂಗುಚ್ಛ ಹಿಡಿದುಕೊಂಡು ದೊರೆಸಾನಿಗೆ ವಿಷಯ ತಿಳಿಸಲು ಹೋದ. ನಾನೂ ಜೊತೆಗಿದ್ದೆ.

"ಇನ್ನು ನಿಮಗೆ ತೊಂದ್ರೆ ಬೇಡ ಅಂತ, ದೊರೆಸಾನಿ. ವಯಸ್ಸಾಯ್ತಲ್ಲ, ಆರಾಮಾಗಿರಿ" ಅಂದ ಪುಣ್ಯಾತ್ಮ.

ಅವರಿಗೆ ಎಂಬತ್ತು ದಾಟಿತ್ತು. ಮುಖ ಬಿಳಿಚಿಕೊಂಡಿತು. ಕೇಕಿನ ಕಡೆ ನೋಡಲೂ ಇಲ್ಲ.

"ಹಂಗಾದ್ರೆ ನಾ ಹೋದಾಗ ನನ್ನ ಮೇಲೆ ಬಗ್ಗೋದು ಏನೋ ವೆಂಡೆಲ್? ನಿನ್ನ ಅಂಗಡಿ ಬೋರ್ಡಾ?"

ದೊರೆಸಾನಿ ಬಾಗಿಲು ತೋರಿಸಿದರು. "ಕೇಳೋಕೆ ಬರೋರು ಕೇಕ್ ತರಲ್ಲ. ಸೌದೆ ತರ್ತಾರೆ. ಹೋಗು."

ಮನೆಗೆ ಬಂದು ನಾನು ಅವನಿಗೆ ಎತ್ತಿದ ಮಂಗಳಾರತಿ ಇಲ್ಲಿ ಬರೆಯುವಂಥದ್ದಲ್ಲ. ಅವನಿಗೂ ನಿಜವಾಗಿ ನಾಚಿಕೆಯಾಗಿತ್ತು, ಸೊಸೆಯವರು ಬೇಡ ಅಂತ ಅರಮನೆಗೆ ಹೇಳಿಕಳಿಸಿದ. ಭಾನುವಾರ ಪೂಜೆ ಮುಗಿದ ಮೇಲೆ ಇಡೀ ಬ್ಯಾಂಡು, ನಾವು ಹೆಂಗಸರೂ ಸೇರಿ, ಒಬ್ಬೊಬ್ಬರು ಒಂದೊಂದು ಸೌದೆ ಹೊತ್ತು ಮಿಲ್ಲಿನ ಅಂಗಳಕ್ಕೆ ಹೋಗಿ ಮಂಡಿಯೂರಿದೆವು. ಬೊಜ್ಜು ಹೊತ್ತ ವೆಂಡೆಲ್ ಎಲ್ಲರಿಗಿಂತ ಮುಂದೆ. ದೊರೆಸಾನಿ ಕುರ್ಚಿ ಹಾಕಿಸಿಕೊಂಡು ಕೂತರು, ಒಂದು ಸೇಬು ಕೈಗೆತ್ತಿಕೊಂಡರು.

"ಏನ್ ಬೇಕಪ್ಪಾ?"

"ಹೊಸ ಬಾವುಟಕ್ಕೂ ನೀವೇ ತಾಯಿಯಾಗ್ಬೇಕು ದೊರೆಸಾನಿ" ಅಂದ ವೆಂಡೆಲ್, ಬೆವರು ಒರೆಸಿಕೊಳ್ಳುತ್ತ.

"ಯೋಚನೆ ಮಾಡ್ಬೇಕು. ಈ ಸೇಬು ದೊಡ್ಡದಿದೆ."

ಎಲ್ಲರೂ ನಗುತ್ತಿರುವಾಗಲೇ ಅರಮನೆಯ ಕಾರು ಬಂತು. ರೂಪರ್ಟ್ ಪ್ರಭುಗಳು ಕೋಲೂರಿಕೊಂಡು ಇಳಿದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಪೋಲ್ಡಿ, ಇದೆಲ್ಲ ಬೇಡ" ಅಂದರು. "ಕಟ್ಟಳೆ ತೆಗೆದು ಹಾಕಿದೀನಿ. ನೆಲಮಾಳಿಗೇಲಿ ಅಮ್ಮನ ಪಕ್ಕ ನಿಂಗೆ ಜಾಗ ಇಟ್ಟಿದೀನಿ. ಮನೆಗೆ ಬಾ."

ಅಷ್ಟು ವರ್ಷ ಮುಚ್ಚಿದ್ದ ಬಾಗಿಲು ಅದು. ದೊರೆಸಾನಿ ವೆಂಡೆಲನ ಪಕ್ಕ ಬಿದ್ದಿದ್ದ ಒಂದು ಸೌದೆಯ ಕಡೆ ಕೈ ತೋರಿಸಿದರು.

"ಕೇಳೋದು ಹೆಂಗೆ ಅಂತ ಗೊತ್ತಲ್ಲ ನಿಂಗೆ? ಅವತ್ತು ಬಾಗಿಲಲ್ಲಿ ನಿಂತು ನೋಡಿದ್ಯಲ್ಲ."

ಪ್ರಭುಗಳು ಕೋಲು ಬದಿಗಿಟ್ಟರು. ನನ್ನ ಗಂಡನ ಭುಜ ಹಿಡಿದುಕೊಂಡು, ಒಂದೊಂದೇ ಮಂಡಿ ಮಡಿಸಿ, ಆ ಸೌದೆಯ ಮೇಲೆ ಊರಿದರು. "ಬಾ ಅಕ್ಕ" ಅಂದರು.

ದೊರೆಸಾನಿಯ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎದ್ದು ಹೋಗಿ ತಾವೇ ಅವರನ್ನು ಎಬ್ಬಿಸಿದರು.

"ಕೇಳ್ದೆಯಲ್ಲ, ನಂಗಷ್ಟು ಸಾಕು. ಅಪ್ಪ ಕೇಳ್ಲಿಲ್ಲ, ನೀನು ಕೇಳ್ದೆ. ಆದ್ರೆ ನಾ ಬರಲ್ಲ ಕಣೋ. ಆ ನೆಲಮಾಳಿಗೇಲಿ ಬ್ಯಾಂಡ್ ಕೇಳ್ಸಲ್ಲ."

ನಮ್ಮ ಕಡೆ ತಿರುಗಿ, "ನೀವಿನ್ನೂ ಹಂಗೇ ಇದೀರಾ? ಏಳ್ರೋ, ಒಪ್ಪಿದೀನಿ" ಅಂದರು. ಹೊಸ ಬಾವುಟದ ನಟ್ಟನಡುವೆ ಹಳೆಯ ಸೆರಗಿನ ಗಟ್ಟಿಯಿದ್ದ ತುಂಡನ್ನು ಅವರೇ ಕೂತು ಹೊಲಿದರು. ಹೊಲಿಗೆ ಸೊಟ್ಟಗಿದೆ. ಅದನ್ನು ಬಿಚ್ಚಿ ಸರಿಮಾಡೋಣ ಅಂದವರಿಗೆ ನಾನು ಸೂಜಿ ಮುಟ್ಟಗೊಡಲಿಲ್ಲ.

ಮರುವರ್ಷ ಹಿಮ ಕರಗುವ ಹೊತ್ತಿಗೆ ಅವರು ಹೋದರು. ಅವರು ಪೋಷಿಸಿದ ಪಿಟೀಲಿನವರೆಲ್ಲ ಬಂದಿದ್ದರು, ಆದರೆ ಗುಂಡಿಯ ಹತ್ತಿರ ನುಡಿಸಿದ್ದು ನಾವು. ಬಾವುಟ ಒಂದು, ಎರಡು, ಮೂರು ಸಲ ಬಗ್ಗಿತು. ನನ್ನ ತುತ್ತೂರಿಯ ಕೊನೆಯ ಸ್ವರ ಒಡೆಯಿತು. ದೊರೆಸಾನಿ ಇದ್ದಿದ್ದರೆ ಬೈಯುತ್ತಿದ್ದರು.

ಜನ ಊಟಕ್ಕೆ ಹೊರಟಿದ್ದರು. ರೂಪರ್ಟ್ ಪ್ರಭುಗಳು ಮಾತ್ರ ಬಾವುಟದ ಹತ್ತಿರ ನಿಂತು ನಡುವಿನ ತುಂಡನ್ನು ಬೆರಳಿಂದ ಸವರುತ್ತಿದ್ದರು.

"ಇದು ಅಮ್ಮನ ಸೆರಗು" ಅಂದರು. "ಆಫ್ರಾ, ನಾನು ಹೋದಾಗ... ನನ್ನ ಮೇಲೂ ಬಗ್ಗಿಸ್ತೀರಾ?" ಅಂತ ಕೇಳಿದರು.

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? "ಕೇಳೋ ರೀತಿ ನಿಮಗೆ ಗೊತ್ತಲ್ಲ ಪ್ರಭುಗಳೇ" ಅಂದುಬಿಟ್ಟೆ.

ಅವರು ನನ್ನ ತೋಳು ಹಿಡಿದುಕೊಂಡು, ಆ ಕೆಸರಿನಲ್ಲೇ ಮಂಡಿ ಬಗ್ಗಿಸತೊಡಗಿದರು. ನಾನು ತುತ್ತೂರಿ ಕೆಳಗೆ ಹಾಕಿ ಎರಡೂ ಕೈಯಿಂದ ಅವರನ್ನು ಹಿಡಿದುಕೊಂಡೆ.

"ಬೇಡ, ಬೇಡ. ನೀವು ಒಂದ್ಸಲ ಊರಿದೀರಲ್ಲ, ಅದೇ ಸಾಕು. ಬಗ್ಗಿಸ್ತೀವಿ. ಬನ್ನಿ, ನಮ್ಮ ಜೊತೆ ಕೂತ್ಕೊಳಿ, ಸೂಪು ಆರೋಗತ್ತೆ."