ಬಸ್ಸು ತಿರುಗುವ ಅಂಗಳ

ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡವನಿಗೆ ಡಾಕ್ಟರು ವಿಶ್ರಾಂತಿ ಬರೆದುಕೊಡುತ್ತಾರೆ. ಆ ವಿಶ್ರಾಂತಿಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಬರೆದುಕೊಡುವುದಿಲ್ಲ. ನಾನು ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಷ್ಟ್ರು, ಮನೆ ಶಿರ್ತಾಡಿ. ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೇರಿಸಿ ಮಲಗಿದ್ದಾಗ ಮೊಬೈಲಿನಲ್ಲಿ ಬಸ್ಸು ಓಡಿಸುವ ಆಟವೊಂದು ಕೈಗೆ ಸಿಕ್ಕಿತು. ಕಾಲು ಗುಣವಾಯಿತು, ಆಟ ಬಿಡಲಿಲ್ಲ.

"ಈ ಪ್ರಾಯದಲ್ಲಿ ಬೇರೆಯವರು ಶುಗರ್ ನೋಡಿಕೊಳ್ತಾರೆ, ನೀವು ಗೇರ್ ನೋಡ್ತೀರಿ" ಎಂದಳು ಹೆಂಡತಿ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲದ ಕಾರಣ ನಾನು ಇನ್ನೊಂದು ಗೇರ್ ಬದಲಾಯಿಸಿದೆ.

ಈ ಆಟದಲ್ಲಿ ಕಂಪೆನಿಯವರು ಕೊಟ್ಟ ಊರಿನಲ್ಲೇ ಓಡಾಡಬೇಕೆಂದಿಲ್ಲ. ಆಡುವವರೇ ತಮ್ಮೂರಿನ ರಸ್ತೆ, ಸೇತುವೆ, ಅಂಗಡಿಗಳನ್ನು ಕಟ್ಟಿ ಮ್ಯಾಪ್ ಮಾಡಿ ಹಂಚಬಹುದು. ಅದನ್ನು ಇಳಿಸಿಕೊಂಡವರು ಎಲ್ಲಿಂದ ಬೇಕಾದರೂ ಆ ರಸ್ತೆಯಲ್ಲಿ ಬಸ್ಸು ಓಡಿಸಬಹುದು. ಅವರ ಬಸ್ಸು ನಮಗೂ ಕಾಣುತ್ತದೆ. ಹಾಗೆ ಹುಡುಕುತ್ತಿದ್ದಾಗ ಬೆಳ್ತಂಗಡಿಯಿಂದ ಬಂಟ್ವಾಳ ದಾಟಿ ಪಾಣೆಮಂಗಳೂರಿಗೆ ಹೋಗುವ ಮ್ಯಾಪ್ ಸಿಕ್ಕಿತು. ನಮ್ಮ ರಸ್ತೆ, ನಮ್ಮ ತಿರುವು, ಕನ್ನಡದ ಬೋರ್ಡು. ಅರ್ಧ ದಿನ ಕುಣಿದಾಡಿದೆ, ಕುಳಿತಲ್ಲೇ.

ಆಮೇಲೆ ನನ್ನೊಳಗಿನ ಮಾಷ್ಟ್ರು ಎದ್ದ. ಪುಂಜಾಲಕಟ್ಟೆಯ ಹತ್ತಿರ ಬಲಕ್ಕೆ ಇರಬೇಕಾದ ತಿರುವು ಎಡಕ್ಕಿತ್ತು. ಬಿ.ಸಿ. ರೋಡಿನ ಅಂಗಡಿಗಳಿಗೆಲ್ಲ ಒಂದೇ ಬೋರ್ಡು, ಎಲ್ಲವೂ ಮೊಬೈಲ್ ರಿಪೇರಿ. ದಾರಿಯುದ್ದಕ್ಕೂ ಒಂದೇ ತೆಂಗಿನ ಮರ, ಒಂದೇ ಕಡೆಗೆ ವಾಲಿಕೊಂಡು. ಮಕ್ಕಳ ಚಿತ್ರದಲ್ಲಿ ಇಂಥದ್ದು ಕಂಡರೆ ಕೆಂಪು ಪೆನ್ನು ಹಿಡಿಯುವವನು ನಾನು. ಇದನ್ನು ತಿದ್ದಿಯೇ ತೀರುತ್ತೇನೆಂದು ಹೊರಟೆ. ತಿದ್ದುವುದಷ್ಟೇ ಅಲ್ಲ, ಬಂಟ್ವಾಳದಿಂದ ಸಿದ್ದಕಟ್ಟೆ, ಮೂಡುಬಿದಿರೆ ದಾಟಿ ಶಿರ್ತಾಡಿಯವರೆಗಿನ ರಸ್ತೆಯನ್ನು ಹೊಸದಾಗಿ ಕಟ್ಟಿ ಅದಕ್ಕೆ ಜೋಡಿಸಬೇಕು. ನನ್ನ ಬಸ್ಸು ನನ್ನ ಮನೆಯ ಬಾಗಿಲಿಗೆ ಬರಬೇಕು. ಇದಕ್ಕಿಂತ ದೊಡ್ಡ ಆಸೆ ಆ ವರ್ಷ ನನಗಿರಲಿಲ್ಲ.

ರಸ್ತೆ ಕಟ್ಟಿ ಮುಗಿಸಿದೆ. ಜೋಡಿಸಲು ಬಿಡಲಿಲ್ಲ. ಮ್ಯಾಪ್ ಮಾಡುವವರದ್ದೊಂದು ವಾಟ್ಸ್ಯಾಪ್ ಗುಂಪುಂಟು. ಬೆಳ್ತಂಗಡಿಯಲ್ಲಿ ಬೇಕರಿ ಇಟ್ಟಿರುವವರೊಬ್ಬರು ಅದರ ಅಡ್ಮಿನ್. ನಮ್ಮ ಕಡೆಯ ಮದುವೆಗಳಲ್ಲಿ ಊಟದ ರುಚಿಯನ್ನಾದರೂ ಜನ ಮರೆತಾರು, ಮನೆಗೆ ಬಂದು ಕರೆದರೋ ವಾಟ್ಸ್ಯಾಪಿನಲ್ಲಿ ಕಾಗದ ಎಸೆದರೋ ಎಂಬುದನ್ನು ಮರೆಯುವುದಿಲ್ಲ. ಗುಂಪಿನ ಮರ್ಯಾದೆಗಳೂ ಅದೇ ಬಗೆಯವು. ತಪ್ಪು ಕಂಡರೆ ಎಲ್ಲರೆದುರು ಆಡಿಕೊಳ್ಳದೆ ಮಾಡಿದವನಿಗೆ ಮಾತ್ರ ತಿಳಿಸಬೇಕು. ತಿದ್ದಿದರೆ ಏನು ತಿದ್ದಿದೆ ಎಂದು ಬರೆಯಬೇಕು. ಎಲ್ಲಕ್ಕೂ ಮೊದಲು, ಮಾಡಿದವನನ್ನು ಕೇಳಿ ಹೂಂ ಅನ್ನಿಸಿಕೊಳ್ಳಬೇಕು. ಹಿಂದೊಮ್ಮೆ ಯಾರೋ ಇನ್ನೊಬ್ಬನ ಮ್ಯಾಪಿನಿಂದ ಸೇತುವೆಯೊಂದನ್ನು ಎತ್ತಿ ತನ್ನ ಹೊಳೆಯ ಮೇಲೆ ಇಟ್ಟುಕೊಂಡಿದ್ದನಂತೆ. ಅವನನ್ನು ಗುಂಪಿನಿಂದ ತೆಗೆದದ್ದು ಮಾತ್ರವಲ್ಲ, ಇಂದಿಗೂ ಅವನಿಗೆ ಸೇತುವೆ ಕಳ್ಳ ಎಂದೇ ಹೇಳುತ್ತಾರೆ.

ಮ್ಯಾಪ್ ಮಾಡಿದವನ ಖಾತೆಗೆ ನಾನು ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಇಲ್ಲ. ಅಡ್ಮಿನ್ ಹತ್ತಿರ ಗೋಗರೆದರೆ, "ಮಾಡಿದವ ಹೂಂ ಅನ್ಲಿ ಮಾಷ್ಟ್ರೇ, ಮತ್ತೆ ನೋಡುವ" ಎಂದರು. ಶಿರ್ತಾಡಿಯಿಂದ ಹೊರಟ ನನ್ನ ಬಸ್ಸು ಬಂಟ್ವಾಳದ ಹತ್ತಿರ ಬಂದು ಭೂಮಿ ಮುಗಿದಲ್ಲಿ ನಿಂತು ಹಾರ್ನ್ ಹಾಕುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಬಲ ತಿರುವನ್ನು ಎಡ ಮಾಡಿದವನಿಗೆ ಇಷ್ಟೊಂದು ಬಿಂಕವೇ ಎಂದುಕೊಂಡೆ.

ಹಾಗೆ ಸಿಟ್ಟಿನಿಂದಲೇ ಆ ಮ್ಯಾಪನ್ನು ಮತ್ತೊಮ್ಮೆ ಕೊನೆಯವರೆಗೆ ಓಡಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲೆಡೆ ಮರ, ಅಂಗಡಿ, ಮನೆ ಒಂದೇ ಅಚ್ಚಿನವು. ಪಾಣೆಮಂಗಳೂರಿನಲ್ಲಿ ಬಸ್ಸು ತಿರುಗುವ ಜಾಗ ಮಾತ್ರ ಹಾಗಲ್ಲ. ಅಲ್ಲಿ ಒಂದು ಅಗಲವಾದ ಅಂಗಳ, ಆಚೀಚೆ ಎರಡು ಹಂಚಿನ ಮನೆ, ಒಂದಕ್ಕೆ ನೀಲಿ ಗೇಟು, ಅದರ ಒಂದು ರೆಕ್ಕೆ ಜೋತು ಬಿದ್ದಿದೆ. ಬಾವಿಗೆ ಕಬ್ಬಿಣದ ಬಲೆ. ನೀಲಿ ಗೇಟಿನ ಮನೆಯ ಮೂರನೇ ಮೆಟ್ಟಿಲಿನ ಮೂಲೆ ಒಡೆದಿದೆ. ನಡುವೆ ಹಲಸಿನ ಜಾತಿಯ ಒಂದು ಜೀಗುಜ್ಜೆ ಮರ, ಅದರ ಎಲೆಗಳಿಗೆ ಬೆರಳಿನಂಥ ಸೀಳುಗಳೂ ಉಂಟು. ಮಕ್ಕಳು ಊರಿನ ಚಿತ್ರ ಬಿಡಿಸುವಾಗಲೂ ಹೀಗೆಯೇ. ಗುಡ್ಡ, ಸೂರ್ಯ, ಹೊಳೆಯನ್ನು ಹೇಗೋ ಗೀಚಿ, ತಮ್ಮ ಮನೆಯ ಕಿಟಕಿಗೆ ಬಂದಾಗ ಮಾತ್ರ ನಾಲಗೆ ಕಚ್ಚಿಕೊಂಡು ಬರೆಯುತ್ತಾರೆ. ಇದು ಮಾಡಿದವನ ಮನೆ, ಸಂಶಯವಿಲ್ಲ.

ಮುಂದಿನ ಆದಿತ್ಯವಾರ ಒಂದು ಪ್ಯಾಕೆಟ್ ಖರ್ಜೂರ ಹಿಡಿದುಕೊಂಡು, ಮದುವೆಗೆ ಕರೆಯಲು ಹೊರಟವನಂತೆ ಬಿಳಿ ಪಂಚೆ ಉಟ್ಟು ಹೊರಟೆ. ಪಾಣೆಮಂಗಳೂರಿನಲ್ಲಿ ಇಳಿದು ಮೊಬೈಲಿನ ಬಸ್ಸು ತಿರುಗಿದಲ್ಲೆಲ್ಲ ನಾನೂ ತಿರುಗಿದೆ. ನೀಲಿ ಗೇಟು ಇತ್ತು. ಬಾವಿ, ಜೀಗುಜ್ಜೆ ಮರ, ಒಡೆದ ಮೆಟ್ಟಿಲು, ಎಲ್ಲವೂ ಇದ್ದವು. ಮ್ಯಾಪಿನಲ್ಲಿ ಇಲ್ಲದ್ದು ಒಂದೇ. ಅಂಗಳದ ಮಧ್ಯೆ ಆಳೆತ್ತರದ ಕೆಂಪುಕಲ್ಲಿನ ಗೋಡೆ. ಅದು ಎರಡು ಬದಿಯಿಂದ ಬಂದು ಜೀಗುಜ್ಜೆ ಮರಕ್ಕೆ ತಾಗಿ ನಿಂತಿತ್ತು.

ನೀಲಿ ಗೇಟಿನ ಮನೆಯಲ್ಲಿ ವಯಸ್ಸಾದ ಹಾಜಿಯವರೊಬ್ಬರು ಸಿಕ್ಕಿದರು. ಹಿಂದೆ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮ್ಯಾಪ್ ವಿಷಯಕ್ಕೆ ಬಂದೆ ಎಂದದ್ದೇ ತಡ, ಅವರು ಕುರ್ಚಿಯಿಂದ ಎದ್ದರು.

"ಸರ್ವೇಯವರಾ? ಕಾದು ಕಾದು ಸಾಕಾಯ್ತು ಮಾರಾಯ್ರೇ. ಬನ್ನಿ, ಮೊದಲು ಶರಬತ್ತು ಕುಡಿಯಿರಿ."

ಸರ್ವೇಯವನಲ್ಲ, ಡ್ರಾಯಿಂಗ್ ಮಾಷ್ಟ್ರು ಎಂದು ತಿಳಿಸುವಷ್ಟರಲ್ಲಿ ಶರಬತ್ತು ಬಂತು, ಅದರ ಹಿಂದೆಯೇ ಕೆಸುವಿನೆಲೆಯ ಪತ್ರೊಡೆ ಬಂತು. ಆಟ, ಬಸ್ಸು, ಹೂಂ ಅನ್ನಿಸಿಕೊಳ್ಳುವ ಪದ್ಧತಿ ಎಲ್ಲವನ್ನೂ ವಿವರಿಸಿ ಮೊಬೈಲು ತೋರಿಸಿದೆ. ತಮ್ಮ ಗೇಟನ್ನು ಕಂಡು ಅವರು ಮೊಬೈಲನ್ನು ಕೈಗೆ ತೆಗೆದುಕೊಂಡರು.

"ಇದು ನನ್ನ ಮಗನ ಕೆಲಸ. ಸೌದಿಯ ದಮ್ಮಾಮಿನಲ್ಲಿದ್ದಾನೆ" ಎಂದರು. ಮತ್ತೆ ಕಣ್ಣು ಕಿರಿದು ಮಾಡಿ, "ಗೋಡೆ ಎಲ್ಲಿ?" ಎಂದು ಕೇಳಿದರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಅದನ್ನೂ ಹಾಕ್ತೇನೆ ಹಾಜಿಯವರೇ. ಇದ್ದದ್ದು ಇದ್ದ ಹಾಗೆ ಇರಬೇಕಲ್ಲ" ಎಂದೆ.

"ಇದ್ದ ಹಾಗೆ ಬೇಡ. ಇರಬೇಕಾದ ಹಾಗೆ ಹಾಕಿ. ಪಾಲಾಗುವಾಗ ನನ್ನ ತಮ್ಮ ಒಂದು ಗೇಣು ಈಚೆ ಬಂದಿದ್ದಾನೆ. ನೀವು ಅದನ್ನು ಆಚೆ ಸರಿಸಿದ್ರೆ ಮಗನ ಹತ್ತಿರ ನಾನೇ ಹೂಂ ಅನ್ನಿಸ್ತೇನೆ."

ಗೇಟು ದಾಟಿ ಹೊರಗೆ ಬಂದದ್ದಷ್ಟೇ, ಗೋಡೆಯ ಆಚೆಯಿಂದ ಒಂದು ಕೈ ನನ್ನನ್ನು ಕರೆಯಿತು. ಅದು ತಮ್ಮನ ಕೈ. ಒಳಗೆ ಕೂರಿಸಿ, ಪುನಃ ಶರಬತ್ತು, ಪುನಃ ಪತ್ರೊಡೆ. ಎರಡೂ ಮನೆಯ ಪತ್ರೊಡೆಗೆ ಒಂದೇ ರುಚಿ ಇತ್ತು, ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಮ್ಯಾಪನ್ನು ನೋಡಿ ತಮ್ಮನೂ ಹೇಳಿದರು, ಇದು ನನ್ನ ಮಗನ ಕೆಲಸ, ಅವನೂ ದಮ್ಮಾಮಿನಲ್ಲಿದ್ದಾನೆ ಎಂದು. ಒಂದು ಗೇಣು ಈಚೆ ಬಂದವರು ಅಣ್ಣ ಎಂದೂ ಹೇಳಿದರು. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಮ್ಯಾಪಿನಲ್ಲಿ ಬಂದದ್ದು ಬಂದ ಹಾಗೇ ಅಲ್ವಾ ಮಾಷ್ಟ್ರೇ, ನಾಳೆ ಯಾರು ಬೇಕಾದ್ರೂ ತೆಗೆದು ನೋಡಬಹುದು" ಎಂದರು.

ಇದು ತಾಲೂಕು ಆಫೀಸಿನ ಮ್ಯಾಪಲ್ಲ, ಇದರಲ್ಲಿ ಬಸ್ಸು ಆಕಾಶದಿಂದಲೂ ಬೀಳುತ್ತದೆ ಎಂದು ಹೇಳಿ ನೋಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಎರಡು ಮನೆಯ ಶರಬತ್ತು ಕುಡಿದವನು ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ. ಇಬ್ಬರಿಗೂ "ನೋಡುವ" ಎಂದು ಬಂದೆ.

ಆ ವಾರ ಬಸ್ ಕಂಡಕ್ಟರ್ ಕೈಯಲ್ಲಿ ಶಾಲೆಗೆ ಒಂದು ಚೀಲ ಬಂತು, ತುಂಬ ಜೀಗುಜ್ಜೆ. ಹಾಜಿಯವರು ಕಳಿಸಿದ್ದು. ಮರುದಿನ ಇನ್ನೊಂದು ಚೀಲ, ತಮ್ಮ ಕಳಿಸಿದ್ದು. ಒಂದೇ ಮರದ ಕಾಯಿ, ಗೋಡೆಯ ಈಚೆ ಬಿದ್ದದ್ದು ಒಂದು ಚೀಲ, ಆಚೆ ಬಿದ್ದದ್ದು ಇನ್ನೊಂದು. ಮನೆಯಲ್ಲಿ ಜೀಗುಜ್ಜೆ ಪಲ್ಯ, ಜೀಗುಜ್ಜೆ ಪೋಡಿ, ಜೀಗುಜ್ಜೆ ಸಾಂಬಾರು. "ನಿಮ್ಮ ಆಟ ಬೇಗ ಮುಗಿಸಿ, ಇಲ್ಲಾಂದ್ರೆ ನಾನು ತವರಿಗೆ ಹೋಗ್ತೇನೆ" ಎಂದಳು ಹೆಂಡತಿ. ಸ್ಟಾಫ್ ರೂಮಿನಲ್ಲಿ ನನಗೆ ಜೀಗುಜ್ಜೆ ಮಾಷ್ಟ್ರು ಎಂದು ಹೆಸರಾಯಿತು.

ಇಷ್ಟಾದ ಮೇಲೆ ದಮ್ಮಾಮಿನಿಂದ ಉತ್ತರ ಬಂತು, ಧ್ವನಿ ಸಂದೇಶವಾಗಿ. ಒಂದೇ ಸಂದೇಶದಲ್ಲಿ ಎರಡು ಧ್ವನಿ, ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಬೀಳುತ್ತಿದ್ದ.

"ಮಾಷ್ಟ್ರೇ, ತಡವಾದದ್ದಕ್ಕೆ ಬೇಜಾರು ಮಾಡಬೇಡಿ. ಮ್ಯಾಪ್ ನಾವು ಇಬ್ಬರು ಮಾಡಿದ್ದು, ನಾನು ಮತ್ತು ಚಿಕ್ಕಪ್ಪನ ಮಗ. ಒಂದೇ ರೂಮಿನಲ್ಲಿದ್ದೇವೆ, ಮನೆಯಲ್ಲಿ ಗೊತ್ತಿಲ್ಲ. ಒಬ್ಬರು ಕೆಲಸಕ್ಕೆ ಹೋಗುವಾಗ ಇನ್ನೊಬ್ಬರು ಮಲಗಿರ್ತೇವೆ, ಇಬ್ಬರೂ ಕೂತು ಮಾತಾಡದೆ ಹೂಂ ಅನ್ಲಿಕ್ಕೆ ಆಗ್ಲಿಲ್ಲ. ನೀವು ತಿರುವು ಸರಿ ಮಾಡಿ, ಅಂಗಡಿ ಹಾಕಿ, ಶಿರ್ತಾಡಿಗೆ ಜೋಡಿಸಿ. ನೀವು ಗೋಡೆ ಹಾಕ್ತೀರಿ ಅಂತ ಮನೆಯಿಂದ ಇಬ್ಬರಿಗೂ ಫೋನ್ ಬಂತು, ಗೋಡೆ ಮಾತ್ರ ಬೇಡ. ಗೋಡೆ ಹಾಕುವುದಾದ್ರೆ ನಮ್ಮ ಒಪ್ಪಿಗೆ ಇಲ್ಲ."

"ಬಸ್ ಎಲ್ಲಿ ತಿರುಗಿಸುವುದು, ಅದನ್ನು ಹೇಳು" ಎಂದಿತು ಇನ್ನೊಂದು ಧ್ವನಿ.

"ಹೌದು, ಬಸ್ ತಿರುಗ್ಲಿಕ್ಕೆ ಜಾಗ ಬೇಕು. ಸಣ್ಣದಿರುವಾಗ ನಾವು ಅಲ್ಲೇ ಬಸ್ ಆಟ ಆಡ್ತಿದ್ದದ್ದು. ನಾನು ಡ್ರೈವರ್, ಪಾತ್ರೆಯ ಮುಚ್ಚಳ ಸ್ಟೇರಿಂಗ್, ಇವ ಕಂಡಕ್ಟರ್. ನಮ್ಮ ಅಪ್ಪಂದಿರು ಇಬ್ಬರೂ ಮೆಟ್ಟಿಲಲ್ಲಿ ಕೂತು ಪ್ಯಾಸೆಂಜರ್ ಆಗ್ತಿದ್ರು."

ಮೊದಲು ನನಗೆ ಬಂದದ್ದು ಸಿಟ್ಟೇ. ಕಣ್ಣಿಗೆ ಕಾಣುವ ಗೋಡೆಯನ್ನು ಬಿಟ್ಟು ಮ್ಯಾಪ್ ಮಾಡುವುದೆಂದರೇನು? ಅದನ್ನು ಅಡ್ಮಿನ್‌ಗೆ ಹೇಳಿದೆ. "ಮಾಡಿದವರ ಮಾತೇ ಕೊನೆ ಮಾಷ್ಟ್ರೇ" ಎಂದರು. ಸಂದೇಶವನ್ನು ಇನ್ನೊಮ್ಮೆ ಕೇಳಿದೆ. ಮುಚ್ಚಳ ತಿರುಗಿಸುವ ಹುಡುಗ, ಮೆಟ್ಟಿಲ ಮೇಲೆ ಕೂತ ಇಬ್ಬರು ಪ್ಯಾಸೆಂಜರು. ಸಿಟ್ಟು ಇಳಿದು ಹೋಯಿತು. ಅದರ ಜಾಗಕ್ಕೆ ಭಯ ಬಂತು. ಗೋಡೆ ಹಾಕುತ್ತೇನೆಂದು ಎರಡೂ ಮನೆಯ ಜೀಗುಜ್ಜೆ ತಿಂದವನು ನಾನಲ್ಲವೇ?

ಈ ಸಂದೇಶವನ್ನು ನಿಮ್ಮ ಮನೆಯವರಿಗೆ ಕೇಳಿಸಬಹುದೇ ಎಂದು ದಮ್ಮಾಮಿಗೆ ಬರೆದೆ. ಒಬ್ಬರು ಮಾಡಿದ್ದನ್ನು ಕೇಳದೆ ಹಂಚಬಾರದೆಂದು ಅಷ್ಟರಲ್ಲಿ ಕಲಿತಿದ್ದೆ. ಉತ್ತರ ಬರಲು ಈ ಸಲವೂ ಹೊತ್ತು ಹಿಡಿಯಿತು. "ಆಯ್ತು ಮಾಷ್ಟ್ರೇ. ಆದ್ರೆ ಇಬ್ಬರಿಗೂ ಒಟ್ಟಿಗೆ ಕೇಳಿಸಿ."

ಒಟ್ಟಿಗೆ ಎಂದರೆ ಯಾರ ಮನೆಯಲ್ಲಿ? ಅಣ್ಣನ ಮನೆಗೆ ತಮ್ಮ ಬರುವುದಿಲ್ಲ, ತಮ್ಮನ ಮನೆಗೆ ಅಣ್ಣ ಬರುವುದಿಲ್ಲ. ಕೊನೆಗೆ ನಾನು ರಸ್ತೆಯಲ್ಲೇ ನಿಂತು ಇಬ್ಬರಿಗೂ ಫೋನು ಮಾಡಿ ಗೇಟಿಗೆ ಕರೆದೆ. ಗೋಡೆ ರಸ್ತೆಗೆ ಮುಟ್ಟುವಲ್ಲಿ ಒಂದು ಕಂಬವಿತ್ತು. ಮೊಬೈಲನ್ನು ಅದರ ಮೇಲಿಟ್ಟೆ. ಆಚೆ ಗೇಟಿನಲ್ಲಿ ತಮ್ಮ, ಈಚೆ ಗೇಟಿನಲ್ಲಿ ಅಣ್ಣ, ಇಬ್ಬರೂ ನನ್ನ ಮುಖವನ್ನೇ ನೋಡುತ್ತ ನಿಂತರು. ಸಂದೇಶ ಹಾಕಿದೆ.

ಮುಗಿದ ಮೇಲೆ ಹಾಜಿಯವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. ತಮ್ಮ ಬಾವಿಯ ಕಡೆಗೆ ನೋಡುತ್ತ, "ಟಿಕೆಟಿಗೆ ಹಲಸಿನ ಎಲೆ ಕೊಡ್ತಿದ್ದ ನನ್ನವ" ಎಂದರು.

"ಹಲಸಿನದ್ದಲ್ಲ, ಜೀಗುಜ್ಜೆಯದ್ದು" ಎಂದರು ಹಾಜಿಯವರು.

"ಜೀಗುಜ್ಜೆಯ ಎಲೆ ಟಿಕೆಟಿನಷ್ಟು ಸಣ್ಣದಿರ್ತದಾ?"

"ಹರಿದು ಕೊಡ್ತಿದ್ದ. ನಿನಗೆ ನೆನಪಿಲ್ಲ."

ಅವರು ಮಾತಾಡುತ್ತಿದ್ದದ್ದು ನನ್ನೊಡನೆ ಅಲ್ಲ ಎಂದು ನನಗೆ ಆಗ ಹೊಳೆಯಿತು. ವರ್ಷಗಳ ನಂತರದ ಮೊದಲ ಮಾತು, ಅದೂ ಜಗಳವೇ. ಏನಾದರೂ ಮಾಡಬೇಕೆಂದು ಮೊಬೈಲಿನಲ್ಲಿ ಮ್ಯಾಪ್ ತೆರೆದೆ. ಯಾವುದೋ ಊರಿನ ಯಾರೋ ಆ ಹೊತ್ತಿಗೆ ಅಲ್ಲಿ ಬಸ್ಸು ಓಡಿಸುತ್ತಿದ್ದರು. ಹಸಿರು ಬಸ್ಸು ನೀಲಿ ಗೇಟು ದಾಟಿ ಗೋಡೆಯಿಲ್ಲದ ಅಂಗಳಕ್ಕೆ ನುಗ್ಗಿ, ತಿರುಗಲು ಹಿಂದಕ್ಕೆ ಬರತೊಡಗಿತು. ಆ ಓಡಿಸುವವನಿಗೆ ಬಸ್ಸು ಹಿಂದೆ ತೆಗೆಯಲು ಬರುತ್ತಿರಲಿಲ್ಲ.

"ನಿಧಾನ ಮಾರಾಯ, ಬಾವಿ ಉಂಟು" ಎಂದರು ಹಾಜಿಯವರು.

"ಬರ್ಲಿ, ಬರ್ಲಿ, ರೈಟ್ ಬರ್ಲಿ" ಎಂದರು ತಮ್ಮ, ಕಂಬದ ಮೇಲೆ ಕೈ ತಟ್ಟುತ್ತ. ಇಬ್ಬರ ತಲೆಯೂ ಮೊಬೈಲಿನ ಮೇಲೆ ಬಗ್ಗಿತ್ತು. ಬಸ್ಸು ಹಾಜಿಯವರ ಮೆಟ್ಟಿಲಿಗೆ ಒಂದು ಗುದ್ದು ಕೊಟ್ಟು, ತಮ್ಮನ ಜಗಲಿಯ ಕಂಬವನ್ನು ಸವರಿಕೊಂಡು, ಹೇಗೋ ತಿರುಗಿ ಬೆಳ್ತಂಗಡಿಯ ಕಡೆಗೆ ಹೋಯಿತು. ಮೆಟ್ಟಿಲಿನ ಮೂಲೆ ಒಡೆದದ್ದು ಹೀಗೆಯೇ ಇರಬೇಕು ಎಂದು ತಮ್ಮ ಹೇಳಿದಾಗ ಹಾಜಿಯವರು ನಕ್ಕುಬಿಟ್ಟರು.

"ಗೋಡೆ ಬೇಡ ಮಾಷ್ಟ್ರೇ. ಇದ್ದ ಜಾಗವೇ ಸಾಕಾಗುದಿಲ್ಲ ಅವನಿಗೆ" ಎಂದರು.

ಮ್ಯಾಪ್ ಹೊರಗೆ ಬಂತು. ಪುಂಜಾಲಕಟ್ಟೆಯ ತಿರುವು ಈಗ ಬಲಕ್ಕಿದೆ. ನನ್ನ ಬಸ್ಸು ಪಾಣೆಮಂಗಳೂರಿನ ಅಂಗಳದಲ್ಲಿ ತಿರುಗಿ, ಬಂಟ್ವಾಳ, ಸಿದ್ದಕಟ್ಟೆ, ಮೂಡುಬಿದಿರೆ ದಾಟಿ ಶಿರ್ತಾಡಿಯ ನಮ್ಮ ಮನೆಯ ಮುಂದೆ ನಿಲ್ಲುತ್ತದೆ. ಏನೇನು ತಿದ್ದಿದ್ದೇನೆಂದು ಗುಂಪಿನಲ್ಲಿ ಬರೆದೆ. ಗೋಡೆಯ ವಿಷಯ ಬರೆಯಲಿಲ್ಲ. ನಿಜವಾದ ಗೋಡೆ ಅಲ್ಲೇ ಇದೆ. ಕೆಂಪುಕಲ್ಲಿನ ಗೋಡೆ ಒಂದು ಧ್ವನಿ ಸಂದೇಶಕ್ಕೆ ಬೀಳುವುದಿಲ್ಲ.

ಈಚೆಗೆ ಒಂದು ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಒಂದು ಚೀಲ ಕೊಟ್ಟರು. ಜೀಗುಜ್ಜೆ. ಇನ್ನೊಂದು ನಾಳೆ ಬರುತ್ತದಲ್ಲ ಎಂದು ಕೇಳಿದೆ. "ಇಲ್ಲ ಮಾಷ್ಟ್ರೇ, ಇಬ್ಬರೂ ಒಟ್ಟಿಗೆ ಬಂದು ಕೊಟ್ಟದ್ದು. ಈ ಸಲ ಒಂದೇ ಚೀಲವಂತೆ" ಎಂದು ಹೇಳಿ ಅವರು ಬಸ್ಸು ಹತ್ತಿದರು.